ರೋಗಿಯ ಒಪ್ಪಿಗೆಯೂ ರೋಗದ ಹೆಸರೂ

೧

ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ಗೋವೈದ್ಯವನ್ನೂ, ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನೂ ರಚಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಯನ್ನೇ ವಸ್ತುವಾಗಿರಿಸಿಕೊಂಡು ಖಗೇಂದ್ರಮಣಿದರ್ಪಣವನ್ನು ಬರೆದನು. ಶಿವಶರಣರಲ್ಲಿ ವೈದ್ಯ ಸಂಗಣ್ಣನು ತನ್ನ ಕಸುಬಿನ ಪರಿಭಾಷೆಯನ್ನೇ ವಚನಗಳಿಗೆ ಒದಗಿಸಿಕೊಂಡನು. ಆದುದರಿಂದ ಕನ್ನಡವು ವೈದ್ಯವನ್ನು ಹೇಳಲಾರದ ಭಾಷೆಯೆಂದು ಯಾರೂ ಆಕ್ಷೇಪಿಸುವಂತಿಲ್ಲ.

ಆದರೆ ಈ ಶಾಸ್ತ್ರಗ್ರಂಥಗಳು ಯಾರನ್ನು ಉದ್ದೇಶಿಸಿ ಹುಟ್ಟಿದುವು ಎಂದು ವಿಚಾರಿಸಿದರೆ ಒಂದು ವಿಶೇಷವು ಕಂಡುಬರುತ್ತದೆ. ಅವು ಬಹುಮಟ್ಟಿಗೆ ವೈದ್ಯನಿಗಾಗಿ ಬರೆದುವು. ರೋಗಿಯು ಅವುಗಳಲ್ಲಿ ಪ್ರಥಮಪುರುಷನೇ ಹೊರತು ಮಧ್ಯಮಪುರುಷನಲ್ಲ. ಎಂದರೆ ‘ಅವನಿಗೆ’ ಇಂಥ ಮದ್ದನ್ನು ಕೊಡತಕ್ಕದ್ದೆಂದು ಹೇಳುವರಲ್ಲದೆ ‘ನೀನು’ ಎಂದು ಅವನನ್ನೇ ಕರೆದು ಮಾತನಾಡುವುದು ವಿರಳ. ಕಂದವೃತ್ತಗಳ ಬಂಧವೂ ವೈದ್ಯನ ನೆನಪಿಗೆ ಅನುಕೂಲವಾಗಲೆಂದೇ ಏರ್ಪಟ್ಟುದು. ರೋಗಿಯು ಏನನ್ನು ನೆನಪಿನಲ್ಲಿಡಬೇಕೆಂಬ ಪ್ರಶ್ನೆಯು ಅಲ್ಲಿ ಮುಖ್ಯವಾಗಿ ಏಳುವುದಿಲ್ಲ.

ರೋಗಿಯನ್ನೇ ‘ನೀವು’ ಎಂದು ಸಂಬೋಧಿಸುವ ವೈದ್ಯಗದ್ಯವು ಕನ್ನಡಕ್ಕೆ ಈಚಿನದು. ಅದರಲ್ಲಿ ಅತ್ಯಂತ ಹೊಣೆಗಾರಿಕೆಯುಳ್ಳ ಪ್ರಕಾರವೆಂದರೆ ಚಿಕಿತ್ಸಾಪ್ರಯೋಗಗಳ ಒಪ್ಪಿಗೆಪತ್ರ. ಭಾರತದಲ್ಲಿ ಹೊಸ ಔಷಧಗಳ ಮತ್ತು ಚಿಕಿತ್ಸಾಪ್ರಯೋಗಗಳ ನಿಯಮಗಳು ೨೦೧೯ರಲ್ಲಿ ಜಾರಿಗೆ ಬಂದುವು. ಅವುಗಳ ಪ್ರಕಾರ ರೋಗಿಗೆ ಪ್ರಯೋಗದ ಉದ್ದೇಶ, ಅಪಾಯ, ಪ್ರಯೋಜನ, ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ಇವೆಲ್ಲವನ್ನೂ ಅವನಿಗೆ ತಿಳಿಯುವ ಭಾಷೆಯಲ್ಲಿ ತಿಳಿಸಿ ಲಿಖಿತವಾದ ಒಪ್ಪಿಗೆಯನ್ನು ಪಡೆಯತಕ್ಕದ್ದು. ಓದುಬರಹವಿಲ್ಲದವನಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನು ಆದ್ಯಂತವಾಗಿ ಹಾಜರಿರತಕ್ಕದ್ದು. ತಾನೇ ಒಪ್ಪಿಗೆ ಕೊಡಲು ಅಶಕ್ತನಾದರೆ ಕಾನೂನುಸಮ್ಮತನಾದ ಪ್ರತಿನಿಧಿಯು ಕೊಡಬಹುದು. ಹೀಗೆ ಕಾನೂನು ತನ್ನ ಭಾಗವನ್ನು ಮಾಡಿದೆ. ಆದರೆ ಆ ಪತ್ರದ ಗದ್ಯವು ಗದ್ಯವಾಗಿ ಹೇಗಿದೆ, ಅದರ ಮಾತುಗಳು ಕೇಳುವವನ ಮನಸ್ಸಿನಲ್ಲಿ ಯಾವ ಅರ್ಥವನ್ನು ಎಬ್ಬಿಸುತ್ತವೆ ಎಂಬ ವಿಚಾರವು ಸಾಹಿತ್ಯವಿಮರ್ಶಕರ ಗಮನಕ್ಕೆ ಸಾಕಷ್ಟು ಬಂದಂತಿಲ್ಲ. ಪಾರ್ಶ್ವವಾಯುವಿನ ಚಿಕಿತ್ಸಾಪ್ರಯೋಗಗಳನ್ನು ನಿದರ್ಶನವಾಗಿಟ್ಟುಕೊಂಡು, ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಮಾತನ್ನು ಒರೆಗಲ್ಲಾಗಿ ಹಿಡಿದು, ಆ ವಿಚಾರವನ್ನು ಇಲ್ಲಿ ವಿವೇಚಿಸಲಾಗಿದೆ.

೨

ಮೊದಲು ರೋಗದ ಹೆಸರನ್ನೇ ನೋಡಬಹುದು. ಈ ಸೀಮೆಯಲ್ಲಿ ಬಾಯಿಮಾತಿನಲ್ಲಿ ಪ್ರಚುರವಾಗಿರುವುದು ‘ಲಕ್ವ’ ಎಂಬ ಶಬ್ದ. ಬರಹದಲ್ಲಿ ಪಾರ್ಶ್ವವಾಯು, ಅರ್ಧಾಂಗವಾಯು, ಪಕ್ಷಾಘಾತ ಎಂಬುವು ಬಳಕೆಯಲ್ಲಿವೆ. ಲಕ್ವವು ಅರಬ್ಬಿಯಿಂದ ಬಂದ ಮಾತು. ಯುನಾನಿ ವೈದ್ಯದಲ್ಲಿ ಲಕ್ವವೆಂದರೆ ಮುಖವು ಒಂದು ಕಡೆಗೆ ಸೊಟ್ಟಗಾಗುವ ರೋಗ. ಮೈಯ ಒಂದು ಪಕ್ಕವೇ ಬಿದ್ದುಹೋಗುವ ರೋಗಕ್ಕೆ ಫಾಲಿಜ್ ಎಂಬ ಬೇರೆ ಹೆಸರುಂಟು. ಕನ್ನಡಿಗರ ಬಾಯಲ್ಲಿ ಲಕ್ವವೇ ಎರಡನ್ನೂ ನುಂಗಿಕೊಂಡಿತು.

ಇದು ಕೇವಲ ಅರ್ಥವಿಸ್ತಾರದ ಸ್ವಾರಸ್ಯವಲ್ಲ. ಮುಖದ ನರವೊಂದರ ಊತದಿಂದ ಬರುವ ಸೊಟ್ಟಬಾಯಿಯು ಬಹುಪಾಲು ಜನರಲ್ಲಿ ಕೆಲವು ವಾರ ತಿಂಗಳುಗಳೊಳಗೆ ತಾನಾಗಿಯೇ ಇಳಿಯುತ್ತದೆ. ಆ ಅವಧಿಯಲ್ಲಿ ಯಾವ ಬೇರನ್ನು ಕಟ್ಟಿದರೂ, ಯಾವ ಎಣ್ಣೆಯನ್ನು ತಿಕ್ಕಿದರೂ ‘ಲಕ್ವ ವಾಸಿಯಾಯಿತು’ ಎಂಬ ಕೀರ್ತಿಯು ಅದಕ್ಕೆ ಸಲ್ಲುತ್ತದೆ. ಮಿದುಳಿನ ರಕ್ತನಾಳವು ಕಟ್ಟಿಕೊಂಡು ಅಥವಾ ಒಡೆದು ಬರುವ ರೋಗಕ್ಕೂ ಅದೇ ಹೆಸರಿರುವುದರಿಂದ, ಆ ಕೀರ್ತಿಯನ್ನು ನಂಬಿದ ಮನೆಯವರು ಇದಕ್ಕೂ ಅದೇ ಬೇರನ್ನು ಅರಸಿಹೋಗುವುದು ಸಹಜ. ರಕ್ತನಾಳವು ಕಟ್ಟಿಕೊಂಡ ಪಕ್ಷದಲ್ಲಿ ಗರಣೆಯನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗಿರುವಾಗ, ಒಂದು ಶಬ್ದದ ಸಂದಿಗ್ಧತೆಯು ಆ ಗಂಟೆಗಳನ್ನು ಕಬಳಿಸಬಲ್ಲುದು.

‘ವಾಯು’ ಎಂಬ ಮಾತಿನ ಪರಿಣಾಮವು ಇನ್ನೂ ಗಹನವಾದುದು. ಶಾಸ್ತ್ರದಲ್ಲಿ ವಾಯುವು ತ್ರಿದೋಷಗಳಲ್ಲೊಂದು. ಲೋಕದ ಮಾತಿನಲ್ಲಿ ಅದು ಗಾಳಿ. ಆ ಗಾಳಿಯೆಂಬ ಮಾತಿಗಾದರೋ ಕನ್ನಡದಲ್ಲಿ ಬೀಸುವ ಗಾಳಿಯೆಂದೂ ಸೋಕುವ ಗಾಳಿಯೆಂದೂ, ಎಂದರೆ ಗ್ರಹಭೂತಾದಿಗಳೆಂದೂ, ಅರ್ಥವುಂಟು. ಇದರೊಡನೆ ಬರುವ ಕ್ರಿಯಾಪದವು ‘ಹೊಡೆಯಿತು’ ಎಂಬುದು. ಸಂಸ್ಕೃತದ ಆಘಾತ, ಇಂಗ್ಲಿಷಿನ ಸ್ಟ್ರೋಕ್ ಎಂಬುವುಗಳ ಮೂಲಾರ್ಥವೂ ಹೊಡೆತವೇ. ಏಕಾಏಕಿ ಬಂದೆರಗುವ ಈ ರೋಗವನ್ನು ಕಂಡ ಜನರಿಗೆಲ್ಲ ಹೊರಗಿನವನೊಬ್ಬನು ಹೊಡೆದಂತೆಯೇ ತೋರಿದೆ.

ಹೆಸರೊಂದು ಸಂಕ್ಷೇಪವಾದ ಕಥೆ. ಲಕ್ವ ಹೊಡೆಯಿತೆಂಬ ಕಥೆಯಲ್ಲಿ ರೋಗವು ಹೊರಗಿನಿಂದ ಬಂದುದು, ಬಿದ್ದುದು ಕೈಕಾಲಿಗೆ, ಕೈಕಾಲು ಎದ್ದೊಡನೆ ಕಥೆಯು ಮುಗಿಯಿತು. ವೈದ್ಯರು ಹೇಳುವ ಕಥೆಯಾದರೋ ಇದಕ್ಕೆ ತೀರ ಬೇರೆ. ಅದರಲ್ಲಿ ರೋಗವು ಮಿದುಳಿನದು. ರಕ್ತದ ಒತ್ತಡ, ಸಕ್ಕರೆ, ತಂಬಾಕು ಇವುಗಳಿಂದ ವರ್ಷಗಟ್ಟಲೆ ಒಳಗೇ ಬೆಳೆದುದು. ಕೈಕಾಲು ಎದ್ದ ಮೇಲೂ ಮರಳಿ ಬರಬಹುದಾದುದು. ಆದಕಾರಣ ಮಾತ್ರೆಯು ಬಾಳಿನುದ್ದಕ್ಕೂ ಬೇಕಾದುದು. ಕೈಗೆ ಬಲ ಬಂದ ಒಕ್ಕಲಿಗನು ಒತ್ತಡದ ಮಾತ್ರೆಯನ್ನು ಬಿಟ್ಟನೆಂದರೆ ಅವನನ್ನು ಅವಿಧೇಯನೆಂದೋ ಅಜ್ಞಾನಿಯೆಂದೋ ಎಣಿಸುವುದು ವಾಡಿಕೆ. ವಿಚಾರಿಸಿದರೆ ಅವನು ತನಗೆ ತಿಳಿದ ಕಥೆಯನ್ನು ಪ್ರಾಮಾಣಿಕವಾಗಿ ಅನುಸರಿಸಿದವನು. ಚಿಕಿತ್ಸೆಯನ್ನು ಬಿಡದೆ ಹಿಡಿಯುವುದೆಂಬುದು ಆಜ್ಞೆಯ ಮಾತಾಗುವುದಕ್ಕಿಂತ ಮೊದಲು ಕಥನದ ಮಾತು ಎಂಬುದೇ ಇಲ್ಲಿ ಪ್ರತಿಪಾದಿಸತಕ್ಕ ವಿಷಯ.

೩

ಇನ್ನು ಒಪ್ಪಿಗೆಪತ್ರದ ಪರಿಭಾಷೆಗೆ ಬರಬಹುದು. ಅದರ ಮೊದಲ ಶಬ್ದವೇ ‘ಪ್ರಯೋಗ’. ಪ್ರಯೋಗಶಾಲೆಯನ್ನು ಕಂಡವರಿಗೆ ಇದು ನಿರಪಾಯವಾದ ಮಾತು. ಹಳ್ಳಿಯ ಕನ್ನಡದಲ್ಲಿ ಪ್ರಯೋಗ ಮಾಡಿಸುವುದೆಂದರೆ ಮಾಟ ಮಾಡಿಸುವುದೆಂಬ ಅರ್ಥವೂ ಉಂಟು. ಗಾಳಿ ಹೊಡೆದು ಬಿದ್ದವನ ಮನೆಯವರಿಗೆ ‘ನಿಮ್ಮವರನ್ನು ಪ್ರಯೋಗಕ್ಕೆ ಸೇರಿಸುತ್ತೇವೆ’ ಎಂದರೆ ಆ ಎರಡು ಮಾತುಗಳು ಕೂಡಿ ಎಂತಹ ಚಿತ್ರವನ್ನು ಬರೆಯುವುವೆಂದು ಊಹಿಸುವುದು ಕಷ್ಟವಲ್ಲ. ‘ಪರೀಕ್ಷೆ’ ಎಂದರೂ ತೊಡಕು ತಪ್ಪದು. ರಕ್ತಪರೀಕ್ಷೆಯಂತೆ ಇದೂ ರೋಗವನ್ನು ಕಂಡುಹಿಡಿಯುವ ಉಪಾಯವೆಂದು ಕೇಳುವವನು ತಿಳಿಯುವನು. ‘ಯಾವ ಮದ್ದು ಮೇಲೆಂದು ಇನ್ನೂ ತಿಳಿಯದು, ಅದನ್ನು ತಿಳಿಯುವ ಕೆಲಸ ಇದು’ ಎಂಬ ಒಂದು ವಾಕ್ಯವು ಈ ಎರಡು ಶಬ್ದಗಳಿಗಿಂತಲೂ ನಿಷ್ಠವಾದುದು.

‘ಯಾದೃಚ್ಛಿಕ ವಿಂಗಡಣೆ’ ಎಂಬುದು ಸಾಧುವಾದ ಸಮಾಸವೇ. ಆದರೆ ಅದನ್ನು ಕೇಳಿ ತನಗೆ ದೊರೆಯುವ ಮದ್ದನ್ನು ವೈದ್ಯನು ಆಯ್ದುಕೊಡುವುದಿಲ್ಲವೆಂದು ಅರಿಯುವವರು ವಿರಳ. ಚೀಟಿ ಎತ್ತುವುದೆಂಬ ಮಾತು ಊರವರೆಲ್ಲರಿಗೂ ಗೊತ್ತು. ಪಾಲು ಹಂಚುವಾಗ ಪಕ್ಷಪಾತವಾಗದಂತೆ ಚೀಟಿ ಎತ್ತುವುದು ನ್ಯಾಯವೆಂದು ಎಲ್ಲರೂ ಒಪ್ಪುವರು. ಹಾಗೆಯೇ ಪ್ರತಿಯೊಬ್ಬರಿಗೂ ಮದ್ದು ಚೀಟಿಯ ಪ್ರಕಾರ ಬರುವುದೆಂದರೆ ಶಾಸ್ತ್ರದ ತಾತ್ಪರ್ಯವೂ ಅದರ ನ್ಯಾಯವೂ ಒಟ್ಟಿಗೆ ತಿಳಿಯುತ್ತವೆ. ಹಾಗೆಯೇ ಒಳಗೆ ಮದ್ದಿಲ್ಲದ ಗುಳಿಗೆಗೆ ‘ಹುಸಿಮದ್ದು’ ಎಂಬ ಹೆಸರು ಬಂದಿದೆ. ಇದರಲ್ಲಿ ವಂಚನೆಯ ವಾಸನೆಯುಂಟು. ‘ತೋರಿಕೆಯ ಮದ್ದು’ ಎಂದರೆ ದೋಷವು ಕಡಿಮೆಯಾಗುತ್ತದೆ.

‘ಒಪ್ಪಿಗೆ’ ಎಂಬ ಮಾತು ಉತ್ತಮವಾದುದು. ಆದರೆ ಅದರ ಆಚರಣೆಯು ರುಜು ಅಥವಾ ಹೆಬ್ಬೆಟ್ಟು. ೧೯೪೮ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಕಾಗದ, ಕರಾರು, ಕಬೂಲಿ, ದಸ್ತಕತ್ತು ಇವೆಲ್ಲ ಸಾಲದ ಮತ್ತು ಭೂಮಿಯ ವ್ಯವಹಾರದ ಮಾತುಗಳಾಗಿ ಬೇರುಬಿಟ್ಟಿವೆ. ಹೆಬ್ಬೆಟ್ಟೊತ್ತಿದವನಿಗೆ ಹಿಂದೆ ಸರಿಯುವ ದಾರಿಯಿಲ್ಲವೆಂಬುದೇ ಆ ವ್ಯವಹಾರಗಳು ಕಲಿಸಿದ ಪಾಠ. ಚಿಕಿತ್ಸಾಪ್ರಯೋಗದ ಕಾಗದವಾದರೋ ಇದಕ್ಕೆ ವಿರುದ್ಧವಾಗಿ, ಒತ್ತಿದ ಮರುದಿನವೂ ಬಿಟ್ಟುಹೋಗಬಹುದೆಂದು ಹೇಳುತ್ತದೆ. ಕೇಳುವವನ ಅನುಭವಕ್ಕೆ ಇಷ್ಟು ವಿಪರೀತವಾದ ಮಾತನ್ನು ಪತ್ರದ ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದರೆ ಅದು ಮನಸ್ಸಿಗೆ ಹತ್ತುವುದಿಲ್ಲ. ಅದನ್ನು ಮೊದಲಲ್ಲೇ ಹೇಳಿ, ನಡುವೆ ನೆನಪಿಸಿ, ಕೊನೆಯಲ್ಲಿ ಮತ್ತೊಮ್ಮೆ ಹೇಳತಕ್ಕದ್ದು.

ಕಡೆಯದಾಗಿ, ಮದ್ದನ್ನು ತಪ್ಪದೆ ತೆಗೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಮೊದಲು ಕಂಪ್ಲಯನ್ಸ್ ಎಂಬ ಮಾತು ಹೆಚ್ಚಾಗಿ ನಡೆಯುತ್ತಿತ್ತು. ಅದರಲ್ಲಿ ಅಧೀನತೆಯ ಅರ್ಥವಿರುವುದರಿಂದ ಅಡ್ಹೀರೆನ್ಸ್ ಎಂಬ ಮಾತು ಮುಂದೆ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ೨೦೦೩ರ ವರದಿಯು ಈ ಎರಡನೆಯ ಮಾತಿಗೆ ರೋಗಿಯು ತಾನೂ ಒಪ್ಪಿದ ಸಲಹೆಯನ್ನು ನಡೆಸುವುದೆಂದು ಅರ್ಥವನ್ನು ನಿಯಮಿಸಿದೆ. ಕನ್ನಡದಲ್ಲಿ ಇವೆರಡಕ್ಕೂ ‘ಪಾಲನೆ’ ಎಂದರೆ ಆ ಭೇದವು ಅಳಿದುಹೋಗುತ್ತದೆ. ಕನ್ನಡಿಗನು ಇದಕ್ಕೆ ಹಿಂದಿನಿಂದಲೂ ಹೇಳುತ್ತ ಬಂದ ಮಾತು ‘ಪಥ್ಯ ಹಿಡಿಯುವುದು’. ಪಥ್ಯವೆಂದರೆ ದಾರಿಗೆ ತಕ್ಕುದು. ಅದನ್ನು ಹಿಡಿಯುವವನು ರೋಗಿಯೇ. ವ್ರತವನ್ನೂ ಪಟ್ಟನ್ನೂ ಹಿಡಿಯುವಂತೆ ಇಲ್ಲಿಯೂ ಕರ್ತೃತ್ವವು ಅವನದು. ಆದರೆ ಈ ಮಾತಿಗೂ ಒಂದು ಮಿತಿಯುಂಟು. ಲೋಕದಲ್ಲಿ ಪಥ್ಯವು ಹೆಚ್ಚಾಗಿ ಊಟಕ್ಕೆ ಸಂಬಂಧಿಸಿದುದು. ಮೇಲಾಗಿ ಅದು ಒಂದು ಮಂಡಲಕ್ಕೋ ಎರಡು ಮಂಡಲಕ್ಕೋ ಮುಗಿಯುವಂಥದು. ಮುಗಿಯದ ಪಥ್ಯವೆಂಬ ಭಾವನೆಯನ್ನು ಕನ್ನಡ ಗದ್ಯವು ಇನ್ನು ಮೇಲೆ ಬೆಳೆಸಬೇಕಾಗಿದೆ.

೪

ರೋಗಿಯ ಪಾತ್ರವನ್ನು ಕುರಿತು ನಮ್ಮ ಪ್ರಾಚೀನರು ಏನೆಂದಿದ್ದರೆಂದು ನೋಡುವುದು ಇಲ್ಲಿ ಉಚಿತ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ದ್ರವ್ಯ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ಗುಣಗಳು. ರೋಗಿಯ ಗುಣಗಳು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ; ಎಂದರೆ ನೆನಪು, ಹೇಳಿದಂತೆ ನಡೆಯುವಿಕೆ, ಅಂಜದಿರುವಿಕೆ, ತನ್ನ ರೋಗವನ್ನು ತಾನೇ ತಿಳಿಸುವ ಶಕ್ತಿ.

ಇವುಗಳಲ್ಲಿ ವಿಧೇಯತೆಯು ನಾಲ್ಕರಲ್ಲೊಂದು ಮಾತ್ರವೆಂಬುದನ್ನು ಗಮನಿಸಬೇಕು. ಜ್ಞಾಪಕತ್ವವು ಅದಕ್ಕೆ ಸಮಾನವಾಗಿ ನಿಂತಿದೆ. ಇಂದಿನ ಚಿಕಿತ್ಸಾಪ್ರಯೋಗದ ದೃಷ್ಟಿಯಿಂದ ನೋಡಿದರೆ ಈ ಕಡೆಯ ಗುಣವು ವಿಧೇಯತೆಗಿಂತಲೂ ಬೆಲೆಯುಳ್ಳುದೆಂದು ಹೇಳಬಹುದು. ಪ್ರಯೋಗಗಳ ಗಣನೆಯಲ್ಲಿ ರೋಗಿಯು ಮದ್ದನ್ನು ತೆಗೆದುಕೊಂಡರೂ ಬಿಟ್ಟರೂ ಚೀಟಿಯು ಅವನನ್ನು ಯಾವ ಗುಂಪಿಗೆ ಸೇರಿಸಿತೋ ಆ ಗುಂಪಿನಲ್ಲಿಯೇ ಅವನನ್ನು ಎಣಿಸುವುದು ಪದ್ಧತಿ. ಮದ್ದು ಬಿಟ್ಟವರು ಹೆಚ್ಚಿದಷ್ಟೂ ಎರಡು ಗುಂಪುಗಳ ಅಂತರವು ಮಸುಕಾಗುತ್ತದೆ. ಆಸ್ಪಿರಿನ್ನಿನಂಥ ಸಾಮಾನ್ಯ ಮದ್ದು ಪಾರ್ಶ್ವವಾಯುವಿನ ಮೊದಲ ವಾರಗಳಲ್ಲಿ ಉಪಯುಕ್ತವೆಂದು ೧೯೯೭ರಲ್ಲಿ ಪ್ರಕಟವಾದ ಎರಡು ಮಹಾಪ್ರಯೋಗಗಳು ತೋರಿಸಿದುವು. ಅವೆರಡರಲ್ಲಿಯೂ ಕೂಡಿ ಸುಮಾರು ೪೦,೦೦೦ ರೋಗಿಗಳಿದ್ದರು. ಮರುಕಳಿಕೆ ಅಥವಾ ಮರಣದಿಂದ ಪಾರಾದವರು ಸಾವಿರಕ್ಕೆ ಸುಮಾರು ಒಂಬತ್ತು ಮಂದಿ. ಇಷ್ಟು ಸೂಕ್ಷ್ಮವಾದ ಪ್ರಯೋಜನವು ಮರೆವಿನಿಂದಲೂ, ಅದಕ್ಕಿಂತ ಹೆಚ್ಚಾಗಿ ಮುಚ್ಚುಮರೆಯಿಂದಲೂ ಕಾಣದಂತಾಗಬಹುದು. ‘ಬಿಟ್ಟೆ’ ಎಂದು ಹೇಳುವ ರೋಗಿಯು ಶಾಸ್ತ್ರಕ್ಕೆ ಉಪಕಾರಿ. ಬೈಗುಳಕ್ಕಂಜಿ ‘ತೆಗೆದುಕೊಂಡೆ’ ಎನ್ನುವವನಿಂದ ಅದಕ್ಕೆ ಹಾನಿ. ಆದುದರಿಂದ ಅಭೀರುತ್ವವಿಲ್ಲದೆ ಜ್ಞಾಪಕತ್ವವಿಲ್ಲ. ಆಜ್ಞಾರ್ಥದ ಕ್ರಿಯಾಪದಗಳಿಂದ ತುಂಬಿದ ಗದ್ಯವು ಅಂಜಿಕೆಯನ್ನು ಬೆಳೆಸುವುದೇ ಹೊರತು ಧೈರ್ಯವನ್ನಲ್ಲ.

ಇದಲ್ಲದೆ ಪಾರ್ಶ್ವವಾಯುವಿನಲ್ಲಿ ಇನ್ನೊಂದು ಕ್ರೂರವಾದ ವೈಪರೀತ್ಯವುಂಟು. ಸ್ಮೃತಿಯನ್ನೂ ಜ್ಞಾಪಕತ್ವವನ್ನೂ ಕಸಿದುಕೊಳ್ಳುವುದೇ ಈ ರೋಗದ ಸ್ವಭಾವ. ರೋಗಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನಕ್ಕೆ ಮಾತು ಕೆಡುತ್ತದೆ. ಹಾಗಾದಾಗ ಆ ಗುಣಗಳ ಭಾರವು ಮೂರನೆಯ ಪಾದವಾದ ಪರಿಚಾರಕನ ಮೇಲೆ ಬೀಳುತ್ತದೆ. ಪರಿಚಾರಕನೆಂದರೆ ಈ ಸೀಮೆಯಲ್ಲಿ ಸಾಮಾನ್ಯವಾಗಿ ಹೆಂಡತಿ, ಸೊಸೆ, ಮಗಳು. ಚರಕನು ಪರಿಚಾರಕನಿಗೆ ಹೇಳಿದ ಗುಣಗಳಲ್ಲಿ ಅನುರಾಗವೂ ಒಂದು. ಒಪ್ಪಿಗೆಪತ್ರದ ‘ನೀವು’ ಎಂಬ ಮಧ್ಯಮಪುರುಷವು ಒಬ್ಬನನ್ನು ಮಾತ್ರ ಕುರಿತುದಾದರೆ, ನಿಜವಾಗಿ ಮಾತ್ರೆಯನ್ನು ಎಣಿಸಿಡುವವಳನ್ನು ಅದು ಮಾತನಾಡಿಸಿದಂತಾಗಲಿಲ್ಲ.

೫

ಮಾತನ್ನು ತಿದ್ದಿದರೆ ರೋಗವು ನಿಲ್ಲುವುದೆಂದು ಇಲ್ಲಿ ಹೇಳುತ್ತಿಲ್ಲ. ಅಂಥ ಆಶೆಗೆ ಭಾರತದಲ್ಲಿಯೇ ನಡೆದ ಎರಡು ಪ್ರಯೋಗಗಳು ಅಂಕುಶವನ್ನು ಹಾಕಿವೆ. ಅಟೆಂಡ್ ಎಂಬ ಪ್ರಯೋಗದಲ್ಲಿ ೧೪ ಆಸ್ಪತ್ರೆಗಳ ೧,೨೫೦ ರೋಗಿಗಳು ಸೇರಿದ್ದರು. ಮನೆಯವರಿಗೇ ಅಂಗಸಾಧನೆಯನ್ನು ಕಲಿಸಿ ರೋಗಿಯನ್ನು ಮನೆಯಲ್ಲಿ ನಡೆಸುವುದು ಅದರ ಉಪಾಯ. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆರು ತಿಂಗಳ ಬಳಿಕ ಮರಣ ಹೊಂದಿದವರೂ ಪರಾಧೀನರಾಗಿ ಉಳಿದವರೂ ಕೂಡಿ ಎರಡು ಗುಂಪುಗಳಲ್ಲಿಯೂ ನೂರಕ್ಕೆ ೪೭ ಮಂದಿ. ಸ್ಪ್ರಿಂಟ್ ಇಂಡಿಯಾ ಎಂಬ ಎರಡನೆಯ ಪ್ರಯೋಗದಲ್ಲಿ ೩೧ ಕೇಂದ್ರಗಳ ೪,೨೯೮ ರೋಗಿಗಳಿದ್ದರು. ಕಿರುಸಂದೇಶ, ಚಲಚ್ಚಿತ್ರ, ಕೈಹೊತ್ತಗೆ ಇವುಗಳನ್ನು ೧೨ ಭಾಷೆಗಳಲ್ಲಿ ಸಿದ್ಧಪಡಿಸಿ ಒಂದು ಗುಂಪಿಗೆ ವರ್ಷವಿಡೀ ತಿಳಿವಳಿಕೆಯನ್ನು ಕೊಡಲಾಯಿತು. ೨೦೨೩ರಲ್ಲಿ ಪ್ರಕಟವಾದಂತೆ, ರೋಗದ ಮರುಕಳಿಕೆ, ಹೃದ್ರೋಗ, ಮರಣ ಇವು ತಿಳಿವಳಿಕೆ ಪಡೆದವರಲ್ಲಿ ನೂರಕ್ಕೆ ೫.೫, ಪಡೆಯದವರಲ್ಲಿ ೪.೯, ಈ ಅಂತರವು ಗಣನೀಯವಲ್ಲ. ಆದರೆ ಮದ್ದನ್ನು ತಪ್ಪದೆ ಹಿಡಿದವರು ತಿಳಿವಳಿಕೆ ಪಡೆದವರಲ್ಲಿಯೇ ಹೆಚ್ಚು.

ಈ ಫಲಿತಾಂಶವು ಸಾಹಿತ್ಯಜ್ಞರಿಗೆ ಎರಡು ಪಾಠಗಳನ್ನು ಕಲಿಸುತ್ತದೆ. ಮಾತು ನಡತೆಯನ್ನು ಮುಟ್ಟಬಲ್ಲುದೆಂಬುದು ಮೊದಲನೆಯದು. ನಡತೆಯು ಬದಲಾದ ಮಾತ್ರಕ್ಕೆ ಒಂದು ವರ್ಷದೊಳಗೆ ಫಲವು ಕಾಣಲೇಬೇಕೆಂಬ ನಿಯಮವಿಲ್ಲವೆಂಬುದು ಎರಡನೆಯದು. ಹಾಗಾದರೆ ಒಪ್ಪಿಗೆಪತ್ರದ ಕನ್ನಡವನ್ನು ತಿದ್ದುವುದೇತಕ್ಕೆಂದು ಕೇಳಬಹುದು. ತಿಳಿದು ಒಪ್ಪುವುದು ರೋಗಿಯ ಹಕ್ಕು. ಆ ಹಕ್ಕು ಫಲವನ್ನು ಅವಲಂಬಿಸಿದುದಲ್ಲ. ಫಲವು ಶೂನ್ಯವಾದ ಪ್ರಯೋಗದಲ್ಲಿ ಭಾಗಿಯಾದವನಿಗೂ ತಾನು ಯಾವುದಕ್ಕೆ ಮೈಯೊಡ್ಡಿದೆನೆಂಬುದು ತಿಳಿದಿರಬೇಕು. ಸಾಲದ ಕಾಗದವೆಂದು ತಿಳಿದು ಹೆಬ್ಬೆಟ್ಟೊತ್ತಿದವನ ಒಪ್ಪಿಗೆಯು ಒಪ್ಪಿಗೆಯೇ ಅಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಪ್ರಯೋಗಗಳ ವರದಿಗಳಲ್ಲಿ, ಮರಳಿ ಬಾರದ ರೋಗಿಗಳನ್ನು ‘ಕಳೆದುಹೋದವರು’ ಎಂಬರ್ಥದ ಮಾತಿನಿಂದ ಗುರುತಿಸುವುದು ರೂಢಿ. ಲಿಂಗಸುಗೂರು, ಮಸ್ಕಿ ಕಡೆಯ ಮಳೆನೆಚ್ಚಿನ ಹಳ್ಳಿಗಳಿಂದ ಬೆಳೆಯಿಲ್ಲದ ಕಾಲದಲ್ಲಿ ಕುಟುಂಬಗಳು ಗುಳೆ ಹೋಗುವುದು ಎಲ್ಲರೂ ಬಲ್ಲ ಸಂಗತಿ. ಮನೆಯ ದುಡಿಯುವವರೆಲ್ಲ ಬೆಂಗಳೂರಿಗೆ ಹೋದ ಮೇಲೆ ಮಾತು ಕೆಟ್ಟ ಮುದುಕನನ್ನು ಆಸ್ಪತ್ರೆಗೆ ಕರೆತರುವವರು ಯಾರು? ಅವನು ಕಳೆದುಹೋದವನಲ್ಲ, ಎಲ್ಲಿರುವನೆಂದು ಊರಿಗೆಲ್ಲ ಗೊತ್ತು. ಗುಳೆ ಎಂಬ ಕನ್ನಡದ ಮಾತೊಂದು ಕಾರಣಗಳ ಪಟ್ಟಿಯಲ್ಲಿ ಸೇರಿದ್ದರೆ ಶೂನ್ಯವಾಗಿ ಉಳಿದ ಒಂದು ಕೋಷ್ಠಕವು ಅರ್ಥವುಳ್ಳುದಾಗುತ್ತಿತ್ತು.

೬

ಸಾಮಾನ್ಯನನ್ನು ಕುರಿತು ನೇರವಾಗಿ ಆಡಿದ ಬರಹಕ್ಕೆ ಈ ನೆಲದಲ್ಲಿಯೇ ಬಹಳ ಹಳೆಯ ನಿದರ್ಶನವೊಂದುಂಟು. ಮಸ್ಕಿಯಲ್ಲಿ ೧೯೧೫ರಲ್ಲಿ ಗಣಿಯ ಇಂಜಿನಿಯರಾದ ಬೀಡನ್ ಎಂಬವರು ಕಂಡುಹಿಡಿದು ಎಚ್. ಕೃಷ್ಣಶಾಸ್ತ್ರಿಗಳು ಪ್ರಕಟಿಸಿದ ಶಾಸನವು, ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಸ್ಥಾಪಿಸಿದುದರಿಂದ ವಿಖ್ಯಾತವಾಗಿದೆ. ಅದರ ಇನ್ನೊಂದು ಅಂಶವು ಪ್ರಕೃತಕ್ಕೆ ಹೆಚ್ಚು ಸಂಬಂಧಿಸಿದುದು. ಸಾಧನೆಯು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಎಣಿಸಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದು ಅದರ ತಾತ್ಪರ್ಯ. ಸಣ್ಣವರಿಗೆ ಅಲ್ಲಿ ಬಳಸಿದ ಪ್ರಾಕೃತ ಶಬ್ದ ‘ಖುದಕ’. ರೋಗಿಯನ್ನು ಚಿಕಿತ್ಸೆಯ ಪಾದವೆಂದು ಎಣಿಸಿದ ಚರಕನ ಅಧ್ಯಾಯದ ಹೆಸರಿನಲ್ಲಿಯೂ ‘ಖುಡ್ಡಾಕ’ ಎಂಬ ಇದೇ ಬಗೆಯ ಮಾತಿರುವುದು ಆಕಸ್ಮಿಕವಾದರೂ ಸ್ಮರಣೀಯ.

ಆ ಶಾಸನದ ಭಾಷೆಯು ಪ್ರಾಕೃತವಾದುದರಿಂದ ಇಲ್ಲಿಯ ಜನರಿಗೆ ಅದನ್ನು ಯಾರಾದರೂ ಓದಿ ಹೇಳದೆ ತಿಳಿಯುವ ಸಂಭವವು ಕಡಿಮೆ. ಈ ತೊಡಕನ್ನು ಅಶೋಕನ ಕಾರ್ಯಾಲಯವು ಅರಿತಿದ್ದಂತೆ ತೋರುತ್ತದೆ. ಧೌಲಿ, ಜೌಗಡಗಳ ಪ್ರತ್ಯೇಕ ಶಾಸನಗಳು, ಈ ಲಿಪಿಯನ್ನು ತಿಷ್ಯನಕ್ಷತ್ರದ ದಿನಗಳಲ್ಲಿ ಕೇಳಿಸತಕ್ಕದ್ದು, ನಡುನಡುವೆಯೂ ಕೇಳಿಸತಕ್ಕದ್ದು, ಒಬ್ಬನೇ ಇದ್ದರೂ ಕೇಳಿಸತಕ್ಕದ್ದು ಎಂದು ವಿಧಿಸುತ್ತವೆ. ಇವೇ ಪ್ರತ್ಯೇಕ ಶಾಸನಗಳ ಪ್ರತಿಯು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತಿದೆ. ಬರೆದು ನಿಲ್ಲಿಸಿದರೆ ಸಾಲದು, ಮತ್ತೆ ಮತ್ತೆ ಕೇಳಿಸಬೇಕು, ಒಬ್ಬನಿಗಾಗಿಯೂ ಕೇಳಿಸಬೇಕು ಎಂಬ ಈ ವಿಧಿಗಿಂತ ಉತ್ತಮವಾದ ಸೂತ್ರವು ಒಪ್ಪಿಗೆಪತ್ರವನ್ನು ಬರೆಯುವವರಿಗೆ ದೊರೆಯಲಾರದು. ನಿಯಮದಂತೆ ಒಪ್ಪಿಗೆಯು ಒಂದು ದಿನದ ರುಜುವಾಗಿರಬಹುದು. ಮಿದುಳಿಗೆ ಪೆಟ್ಟು ಬಿದ್ದವನ ವಿಷಯದಲ್ಲಿ ಅದು ತಿಂಗಳು ತಿಂಗಳಿಗೂ ಮಾತು ಮರಳಿದಂತೆಲ್ಲ ನವೀಕರಿಸಬೇಕಾದ ಸಂಭಾಷಣೆ.

ಕೇಳಿಸುವ ಭಾಷೆಯು ಒಂದೇ ಅಲ್ಲವೆಂಬುದನ್ನೂ ಮರೆಯಬಾರದು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಕಡೆಗೆ ತೆಲುಗಿನ ಒಕ್ಕಲುಗಳು ಬಂದು ನೆಲೆಸಿದುವು. ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಕುಟುಂಬಗಳಿವೆ. ತಾಂಡಾಗಳಲ್ಲಿ ಲಂಬಾಣಿಯೂ, ಪೇಟೆಗಳಲ್ಲಿ ಉರ್ದುವೂ ನಡೆಯುತ್ತವೆ. ಇವರೆಲ್ಲರ ನಡುವೆ ಲಕ್ವವೆಂಬ ಮಾತು ಹೆಚ್ಚುಕಡಿಮೆ ಎಲ್ಲರಿಗೂ ತಿಳಿದುದು. ಆದಕಾರಣ ಆ ಮಾತನ್ನು ಹೊರದೂಡುವುದಕ್ಕಿಂತ ಅದನ್ನೇ ಹಿಡಿದುಕೊಂಡು, ‘ಲಕ್ವ ಹೊಡೆದದ್ದು ಕೈಗಲ್ಲ, ಮಿದುಳಿಗೆ; ಕೈ ಎದ್ದರೂ ಮಿದುಳಿನ ನಾಳವನ್ನು ಕಾಯಬೇಕು’ ಎಂದು ಅದರ ಕಥೆಯನ್ನು ತಿದ್ದುವುದು ಲೇಸು.

ಈ ಕಾರ್ಯವು ವೈದ್ಯರೊಬ್ಬರಿಂದಲೇ ಆಗತಕ್ಕದ್ದಲ್ಲ. ಶಬ್ದದ ಚರಿತ್ರೆಯನ್ನೂ ವಾಕ್ಯದ ಭಾರವನ್ನೂ ಬಲ್ಲವರು ಕನ್ನಡದ ಅಧ್ಯಾಪಕರು. ಒಪ್ಪಿಗೆಪತ್ರಗಳನ್ನು ಪರಿಶೀಲಿಸುವ ನೀತಿಸಮಿತಿಗಳಲ್ಲಿ ವೈದ್ಯರಲ್ಲದವರಿಗೂ ನಿಯಮವು ಸ್ಥಾನವನ್ನು ಕಲ್ಪಿಸಿದೆ. ಆ ಸ್ಥಾನದಲ್ಲಿ ಭಾಷೆಯನ್ನು ಬಲ್ಲವರೊಬ್ಬರು ಕುಳಿತು, ಪತ್ರವನ್ನು ಕಣ್ಣಿನಿಂದ ಓದುವುದಕ್ಕೆ ಬದಲಾಗಿ ಕಿವಿಯಿಂದ ಕೇಳಿ, ‘ಪ್ರಯೋಗ’ವೆಂಬಲ್ಲಿ ಒಮ್ಮೆ ತಡೆದು, ‘ನೀವು’ ಎಂದರೆ ಯಾರೆಂದು ವಿಚಾರಿಸಿದರೆ, ಎಂಟುನೂರು ವರ್ಷಗಳ ಕನ್ನಡ ವೈದ್ಯಸಾಹಿತ್ಯಕ್ಕೆ ಅದರ ಮಧ್ಯಮಪುರುಷನು ದೊರೆತಂತಾಗುವುದು.